ರಂಗದಿಂದ ತೆರೆಗೆ: ಗೆದ್ದವರು ತಂದದ್ದೇನು?

2015ರ ಮಾರ್ಚ್‌ನಲ್ಲಿ 62ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಪಟ್ಟಿ ಹೊರಬಿದ್ದಾಗ ಶ್ರೇಷ್ಠ ನಟಿಯ ಜಾಗದಲ್ಲಿ ಕಂಗನಾ ರನೌತ್ ಹೆಸರಿತ್ತು. ಅದು ಊರಿಗೆಲ್ಲ ಗೊತ್ತಿದ್ದ ಹೆಸರು. ಶ್ರೇಷ್ಠ ನಟನೆನಿಸಿದ ವಿಜಯ್ ಯಾರೆಂದು ಮಾತ್ರ ಕನ್ನಡದ ಬಹುಪಾಲು ಸಿನಿಮಾ ಪ್ರೇಕ್ಷಕರಿಗೇ ಗೊತ್ತಿರಲಿಲ್ಲ. ಪ್ರಶಸ್ತಿ ತಂದುಕೊಟ್ಟ ‘ನಾನು ಅವನಲ್ಲ... ಅವಳು’ ಚಿತ್ರಮಂದಿರಕ್ಕೆ ಬಂದದ್ದೇ ಅದಾದ ಆರು ತಿಂಗಳ ಮೇಲೆ. ಬೆಂಗಳೂರಿನಲ್ಲಿ ನಾಟಕ ನೋಡುವ ರೂಢಿಯವರು ಮಾತ್ರ ಈ ಹುಡುಗನನ್ನು ಬಲ್ಲವರಾಗಿದ್ದರು. ಸಂಚಾರಿ ಥಿಯೇಟರ್ ತಂಡದಲ್ಲಿ ಬಣ್ಣ ಹಚ್ಚಿ, ಹಾಡಿ, ಸೆಟ್ಟು ಹೊತ್ತು ಬೆಳೆದ ಕಲಾವಿದ ಆತ. ತಂಡದ ಹೆಸರೇ ಮುಂದೆ ಅವರ ಹೆಸರಿನ ಭಾಗವಾಗಿ, ಅವರು ಸಂಚಾರಿ ವಿಜಯ್ ಆದರು.

ನಾಟಕದವನೊಬ್ಬ ಸಿನಿಮಾದಲ್ಲಿ ಹೀಗೆ ಎದ್ದು ನಿಂತಾಗಲೆಲ್ಲ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. ರಂಗಭೂಮಿಯ ಗರಡಿಯಲ್ಲಿ ಪಳಗಿದವರಿಗೆ ಕ್ಯಾಮೆರಾ ಏನು ಮಹಾ ಎನ್ನುವುದು ಒಂದು. ನಾಟಕದ ಅಬ್ಬರವನ್ನೆಲ್ಲ ಕಳಚಿಟ್ಟು ಬಂದದ್ದಕ್ಕೇ ಆತ ಗೆದ್ದದ್ದು ಎನ್ನುವುದು ಇನ್ನೊಂದು. ಒಂದು ಮಾತು ರಂಗಭೂಮಿಗೆ ಪೂರ್ತಿ ಅಂಕ ಕೊಡುತ್ತದೆ, ಇನ್ನೊಂದು ಸೊನ್ನೆ ಸುತ್ತುತ್ತದೆ. ತೊಂಬತ್ತು ವರ್ಷ ದಾಟಿದ ಕನ್ನಡ ವಾಕ್ಚಿತ್ರದ ಚರಿತ್ರೆಯನ್ನು ನಟರ ಕಡೆಯಿಂದ ಓದಿದರೆ ಎರಡೂ ಸಾಲವು ಅನ್ನಿಸುತ್ತದೆ. ಗೆದ್ದವರು ರಂಗದಿಂದ ಏನೋ ಒಂದನ್ನು ತಂದಿದ್ದಾರೆ. ಆದರೆ ಅದು ಸಾಮಾನ್ಯವಾಗಿ ಹೊಗಳಿಸಿಕೊಳ್ಳುವ ಕಂಠವೂ ಅಲ್ಲ, ಸಾಮಾನ್ಯವಾಗಿ ತೆಗಳಿಸಿಕೊಳ್ಳುವ ಅಬ್ಬರವೂ ಅಲ್ಲ.

ಶುರುವಿನಲ್ಲಿ ಈ ಪ್ರಶ್ನೆಗೆ ಅರ್ಥವೇ ಇರಲಿಲ್ಲ, ಏಕೆಂದರೆ ಸಿನಿಮಾದವರು ಅಂತ ಬೇರೆ ಜನ ಇರಲಿಲ್ಲ. 1934ರ ‘ಸತಿ ಸುಲೋಚನ’ದಲ್ಲಿ ಇಂದ್ರಜಿತುವಾದ ಎಂ.ವಿ. ಸುಬ್ಬಯ್ಯನಾಯ್ಡು, ರಾವಣನಾದ ಆರ್. ನಾಗೇಂದ್ರರಾಯರು ಇಬ್ಬರೂ ಕಂಪನಿ ನಾಟಕದ ಹುಲಿಗಳು. 1936ರ ‘ಸಂಸಾರ ನೌಕ’ ಮೊದಲು ಮಹಮದ್ ಪೀರ್ ಅವರ ಚಂದ್ರಕಲಾ ನಾಟಕ ಮಂಡಳಿಯ ನಾಟಕ. ಅದರಿಂದ ತೆರೆಗೆ ಬಂದ ಎಂ.ವಿ. ರಾಜಮ್ಮ, ಬಿ.ಆರ್. ಪಂತುಲು ಮುಂದೆ ದಕ್ಷಿಣ ಭಾರತದ ಚಿತ್ರರಂಗಕ್ಕೇ ಬೇಕಾದವರಾದರು. ಮೈಕು ಇಲ್ಲದ ಡೇರೆಯಲ್ಲಿ ಕೊನೆಯ ಬೆಂಚಿನವನಿಗೂ ಮುಟ್ಟಿಸಬೇಕಾದ ಮಾತು, ಲೆಗ್ ಹಾರ್ಮೋನಿಯಂ ಶ್ರುತಿಗೆ ಎತ್ತಿ ಹಾಡಬೇಕಾದ ರಂಗಗೀತೆ, ‘ಒನ್ಸ್ ಮೋರ್’ ಬಂದರೆ ಸತ್ತ ಪಾತ್ರವೂ ಎದ್ದು ಮತ್ತೆ ಹಾಡಬೇಕಾದ ಕಟ್ಟುಪಾಡು: ಇವೆಲ್ಲ ಹಾಗೆಯೇ ಸ್ಟುಡಿಯೋಗೆ ಬಂದವು. ಕ್ಯಾಮೆರಾವೂ ಒಂದು ಕಡೆ ಕುಳಿತ ಪ್ರೇಕ್ಷಕನಂತೆ ದೂರದಿಂದಲೇ ನೋಡುತ್ತಿತ್ತು. ನಟ ಬದಲಾಗಬೇಕಾದ ಒತ್ತಾಯವೇ ಇರಲಿಲ್ಲ.

ಬದಲಾವಣೆಯ ಮೊದಲ ಗುರುತು ಕಾಣುವುದು 1954ರ ‘ಬೇಡರ ಕಣ್ಣಪ್ಪ’ದಲ್ಲಿ. ನಿರ್ಮಾಣದಲ್ಲಿ ಗುಬ್ಬಿ ವೀರಣ್ಣನವರ ಪಾಲಿತ್ತು, ನಿರ್ದೇಶನ ಎಚ್.ಎಲ್.ಎನ್. ಸಿಂಹ ಅವರದು. ಗುಬ್ಬಿ ಕಂಪನಿಯ ನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ ಅಲ್ಲಿ ರಾಜ್‌ಕುಮಾರ್ ಆದರು. ನರಸಿಂಹರಾಜು ಅವರ ಚಿತ್ರಜೀವನ ಶುರುವಾದದ್ದೂ ಅದೇ ಚಿತ್ರದಿಂದ. ನಾಯಕಿ ಪಂಢರಿಬಾಯಿ ಹರಿಕಥೆಯ ವೇದಿಕೆಯಿಂದ ಬಂದವರು. ಅಂದರೆ ಚಿತ್ರದ ಮುಖ್ಯ ಮುಖಗಳೆಲ್ಲ ಜನರ ಎದುರು ನಿಂತು ಅಭ್ಯಾಸವಿದ್ದವು. ರಾಜ್‌ಕುಮಾರ್ ಅವರ ಶಾಲೆಯ ಓದು ಎಳವೆಯಲ್ಲೇ ನಿಂತಿತ್ತು. ಉಚ್ಚಾರ, ಉಸಿರಿನ ಹಿಡಿತ, ಪೌರಾಣಿಕ ಮಾತಿನ ಏರಿಳಿತ ಎಲ್ಲವನ್ನೂ ಕಲಿಸಿದ್ದು ಕಂಪನಿಯ ತಾಲೀಮು. ಅವರ ಕನ್ನಡದ ಸ್ಪಷ್ಟತೆಯನ್ನು ನಾವು ಇಂದಿಗೂ ಕೊಂಡಾಡುತ್ತೇವೆ, ಆ ಸ್ಪಷ್ಟತೆಯ ಬೇರು ಡೇರೆಯಲ್ಲಿದೆ.

ಆದರೆ ರಾಜ್‌ಕುಮಾರ್ ನಾಯಕನಾಗಿ ಉಳಿದದ್ದು ಕಂಠದ ಬಲವೊಂದರಿಂದಲೇ ಅಲ್ಲ. ಕಂಠ ಅವರಿಗಿಂತ ದೊಡ್ಡದಿದ್ದವರು ಕಂಪನಿಗಳಲ್ಲಿ ಬೇಕಾದಷ್ಟು ಜನ ಇದ್ದರು. ಕಣ್ಣಪ್ಪನಾಗುವ ಬೇಡ ದಿಣ್ಣನ ಒರಟುತನ ಭಕ್ತಿಗೆ ತಿರುಗುವ ದಾರಿಯನ್ನು ಅವರು ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತಾರೆ. ಮೊದಲ ದೃಶ್ಯದ ಬೇಡನಲ್ಲಿ ಕೊನೆಯ ಕಣ್ಣಪ್ಪನ ಸುಳಿವು ಎಷ್ಟು ಇರಬೇಕೋ ಅಷ್ಟೇ ಇದೆ. ಪಾತ್ರ ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಬೇಕು ಎಂಬ ಈ ಲೆಕ್ಕವೇ ಈ ಲೇಖನದ ಕೇಂದ್ರ.

ಸಿನಿಮಾದ ಕೆಲಸದ ರೀತಿ ನೆನಪಿದ್ದರೆ ಈ ಲೆಕ್ಕದ ಬೆಲೆ ತಿಳಿಯುತ್ತದೆ. ನಾಟಕದಲ್ಲಿ ನಟ ಮೊದಲ ಅಂಕದಿಂದ ಕೊನೆಯ ಅಂಕದವರೆಗೆ ಒಂದೇ ಉಸಿರಿನಲ್ಲಿ ಹೋಗುತ್ತಾನೆ. ಸಿಟ್ಟು ಎಲ್ಲಿ ಏರಬೇಕು, ಎಲ್ಲಿ ಕೂಡಿಡಬೇಕು, ಎಲ್ಲಿ ಮುರಿಯಬೇಕು ಎಂಬುದು ಪ್ರದರ್ಶನದಿಂದ ಪ್ರದರ್ಶನಕ್ಕೆ ಮೈಗೂಡುತ್ತದೆ. ಸಿನಿಮಾದಲ್ಲಿ ಆ ಸೌಕರ್ಯವಿಲ್ಲ. ಲೊಕೇಶನ್ ಸಿಕ್ಕಿತೆಂದು ಮಗನ ಸಾವಿನ ದೃಶ್ಯವನ್ನು ಮೊದಲ ದಿನವೇ ತೆಗೆದು, ಅದೇ ಮಗನ ಹುಟ್ಟಿನ ಸಂಭ್ರಮವನ್ನು ಹದಿನೈದನೇ ದಿನ ತೆಗೆಯಬಹುದು. ಒಂದೇ ಅಳುವನ್ನು ಲಾಂಗ್ ಶಾಟ್‌ನಲ್ಲಿ ಬೆಳಿಗ್ಗೆ, ಕ್ಲೋಸ್‌ಅಪ್‌ನಲ್ಲಿ ಸಂಜೆ ಅಳಬೇಕು. ಎರಡಕ್ಕೂ ಕಂಟಿನ್ಯೂಟಿ ತಪ್ಪಬಾರದು. ಎದುರಿಗೆ ಯೂನಿಟ್ಟಿನ ನೂರು ಜನ ಇರುತ್ತಾರೆ, ಪ್ರೇಕ್ಷಕ ಮಾತ್ರ ಇರುವುದಿಲ್ಲ. ನಕ್ಕರೋ ಅತ್ತರೋ ಎಂದು ತಿಳಿಯಲು ತಿಂಗಳುಗಟ್ಟಲೆ ಕಾಯಬೇಕು.

ಹೀಗೆ ಚೂರುಚೂರಾಗಿ ಸಿಗುವ ಪಾತ್ರವನ್ನು ತಲೆಯಲ್ಲಿ ಇಡಿಯಾಗಿ ಹಿಡಿದಿಟ್ಟುಕೊಳ್ಳುವುದು ರಂಗದಿಂದ ಬಂದವನ ನಿಜವಾದ ಬಂಡವಾಳ. ಪೂರ್ತಿ ನಾಟಕವನ್ನು ಹತ್ತಾರು ಸಲ ಆಡಿದವನಿಗೆ ಹದಿನೇಳನೇ ದೃಶ್ಯದ ತೂಕ ಎಷ್ಟು ಎಂಬುದು ಅದನ್ನು ಮೊದಲು ಚಿತ್ರೀಕರಿಸಿದರೂ ಗೊತ್ತಿರುತ್ತದೆ. ಮಿಕ್ಕದ್ದೆಲ್ಲ ಹೊಂದಾಣಿಕೆಯ ಮಾತು. ದನಿ ತಗ್ಗಿಸುವುದು, ಮಾರ್ಕ್ ಬಿಟ್ಟು ಕದಲದಿರುವುದು, ಹುಬ್ಬಿನ ಕೆಲಸವನ್ನು ಕಣ್ಣಿಗೆ ವರ್ಗಾಯಿಸುವುದು ಬುದ್ಧಿಯಿರುವ ನಟನಿಗೆ ಕೆಲವು ದಿನದ ಪಾಠ. ಒಳಗಿನ ಲೆಕ್ಕವಿಲ್ಲದವನಿಗೆ ಎಷ್ಟು ಟೇಕ್ ಕೊಟ್ಟರೂ ಅದು ಬರುವುದಿಲ್ಲ.

1970ರ ದಶಕದಲ್ಲಿ ಈ ಮಾತಿಗೆ ಗಟ್ಟಿ ಸಾಕ್ಷಿಗಳು ಸಿಗುತ್ತವೆ. ಆಗ ಬಂದ ರಂಗಭೂಮಿ ಬೇರೆಯದು. ಕಂಪನಿಗಳು ಸೊರಗುತ್ತಿದ್ದವು, ಬೆಂಗಳೂರು, ಮೈಸೂರು, ಧಾರವಾಡಗಳ ಹವ್ಯಾಸಿ ತಂಡಗಳು ಕಾರ್ನಾಡ, ಲಂಕೇಶ, ಕಂಬಾರರ ನಾಟಕಗಳನ್ನು ಕೈಗೆತ್ತಿಕೊಂಡಿದ್ದವು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿ ‘ಸಂಸ್ಕಾರ’ ತೆಗೆದಾಗ ಪ್ರಾಣೇಶಾಚಾರ್ಯನಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ್ ನಿಂತರು. ಇಬ್ಬರೂ ಸ್ವತಃ ನಾಟಕಕಾರರು. ಪಾತ್ರದ ಮಾತಿನ ಹಿಂದೆ ಏನಿದೆ ಎಂದು ಬಲ್ಲವರ ನಟನೆ ಅದು. ಅಲ್ಲಿ ದನಿಗಿಂತ ಹೆಚ್ಚಾಗಿ ಅನುಮಾನ, ಹಿಂಜರಿಕೆ, ಮೌನ ನಟಿಸಿದವು. ಆ ಚಿತ್ರಕ್ಕೆ ಸ್ವರ್ಣಕಮಲ ಬಂತು.

ಈ ಪೀಳಿಗೆಯ ಕಥೆಯನ್ನು ಲೋಕೇಶ್ ಅವರ ಮೂಲಕ ಹೇಳುವುದೇ ಲೇಸು. ಅವರು ‘ಸತಿ ಸುಲೋಚನ’ದ ಸುಬ್ಬಯ್ಯನಾಯ್ಡು ಅವರ ಮಗ. ತಂದೆ ತಂದದ್ದು ಕಂಪನಿಯ ಗತ್ತು, ಮಗ ಬೆಳೆದದ್ದು ಹವ್ಯಾಸಿ ರಂಗದ ಹೊಸ ಗಾಳಿಯಲ್ಲಿ. 1974ರ ‘ಭೂತಯ್ಯನ ಮಗ ಅಯ್ಯು’ವಿನಲ್ಲಿ ಊರನ್ನೇ ಹಿಂಡಿದ ಭೂತಯ್ಯನ ಮಗನಾಗಿ ಅವರು ಕಾಣಿಸಿಕೊಂಡರು. ಅಪ್ಪನ ಪಾಪದ ಹೊರೆ ಹೊತ್ತವನು, ಆ ಪಾಪವನ್ನೇ ಮುಂದುವರಿಸುವ ಹಟ ಹಿಡಿದವನು, ಕೊನೆಗೆ ಕರಗುವವನು ಅಯ್ಯು. ಸಿದ್ದಲಿಂಗಯ್ಯನವರ ಚಿತ್ರ ಜನಪ್ರಿಯ ಧಾಟಿಯದು. ಆದರೂ ಲೋಕೇಶ್ ಒಂದು ದೃಶ್ಯದ ಸಿಟ್ಟನ್ನೂ ಪೂರ್ತಿ ಖರ್ಚು ಮಾಡುವುದಿಲ್ಲ. ನಾಲ್ಕು ವರ್ಷದ ಮೇಲೆ ಬಂದ ‘ಪರಸಂಗದ ಗೆಂಡೆತಿಮ್ಮ’ದಲ್ಲಿ ಹಳ್ಳಿಹಳ್ಳಿ ತಿರುಗಿ ಸ್ನೋ, ಪೌಡರು ಮಾರುವ ಮುಗ್ಧನ ನಗುವನ್ನು ಕೊನೆಯ ದುರಂತದವರೆಗೆ ಹಂತ ಹಂತವಾಗಿ ಆರಿಸುತ್ತಾ ಹೋದದ್ದೂ ಅದೇ ಲೆಕ್ಕದಿಂದ.

1975ರಲ್ಲಿ ‘ಚೋಮನ ದುಡಿ’ ಬಂತು. ಕಾದಂಬರಿ ಶಿವರಾಮ ಕಾರಂತರದು, ನಿರ್ದೇಶನ ಬಿ.ವಿ. ಕಾರಂತರದು. ಚೋಮನಾದ ಎಂ.ವಿ. ವಾಸುದೇವರಾವ್ ಗುಬ್ಬಿ ಕಂಪನಿಯ ಕೂಸು. ಚಿತ್ರರಂಗ ಅವರನ್ನು ಸಣ್ಣಪುಟ್ಟ ಪಾತ್ರಗಳಲ್ಲೇ ಬಳಸಿ ಮರೆತಿತ್ತು. ಕಂಪನಿ ನಾಟಕದಲ್ಲಿ ಅರ್ಧ ಆಯುಷ್ಯ ಸವೆಸಿದವನಿಗೆ ಚೋಮನಂಥ ಮಾತು ಕಡಿಮೆಯ ಪಾತ್ರ ಹೇಗೆ ಒಗ್ಗೀತು ಎಂದು ಯಾರಿಗಾದರೂ ಅನುಮಾನ ಬರಬೇಕು. ಆದರೆ ಬಿ.ವಿ. ಕಾರಂತರೂ ಹುಡುಗನಾಗಿ ಗುಬ್ಬಿ ಕಂಪನಿ ಸೇರಿದ್ದವರೇ, ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಕಂಡವರು. ಕಂಪನಿ ನಟನ ಮೈಯಲ್ಲಿ ಏನು ಉಳಿದಿರುತ್ತದೆ, ಯಾವುದನ್ನು ಬಿಡಿಸಬೇಕು ಎಂದು ಅವರಿಗೆ ಗೊತ್ತಿತ್ತು. ಅವರು ಕಂಠವನ್ನು ಬದಿಗಿಟ್ಟು ಕೈಗೆ ದುಡಿ ಕೊಟ್ಟರು. ಸ್ವಂತ ನೆಲ ಉಳುವ ಆಸೆ, ಮಕ್ಕಳ ಸಾವು, ಧಣಿಯ ನಿರಾಕರಣೆ ಎಲ್ಲವೂ ಆ ಬಡಿತದಲ್ಲಿ ಏರುತ್ತಾ ಹೋಗಿ ಕೊನೆಗೆ ಪ್ರಾಣದೊಂದಿಗೇ ನಿಲ್ಲುತ್ತವೆ. ರಂಗದ ಲಯಜ್ಞಾನ ತೆರೆಯಲ್ಲಿ ಇಷ್ಟು ನೇರವಾಗಿ ಕೆಲಸ ಮಾಡಿದ್ದು ಕನ್ನಡದಲ್ಲಿ ಅಪರೂಪ. ಕನ್ನಡ ಚಿತ್ರದ ಅಭಿನಯಕ್ಕೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂದದ್ದು ಅದೇ ಮೊದಲು.

ಅದೇ ದಶಕದ ಕೊನೆಗೆ, 1978ರಲ್ಲಿ, ಮುಂಬೈಯ ಮರಾಠಿ ರಂಗಭೂಮಿಯಿಂದ ಶಂಕರ್ ನಾಗ್ ಬಂದರು. ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ಯಲ್ಲಿ ಅವರು ಗಂಡುಗಲಿಯಾದರು, ಅವರೊಂದಿಗೆ ಸರಿಸಾಟಿಯಾಗಿ ನಿಂತದ್ದು ಇನ್ನೊಬ್ಬ ರಂಗನಟ ಸುಂದರಕೃಷ್ಣ ಅರಸ್. ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶಂಕರ್‌ಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಮುಂದೆ ಅವರು ಜನಪ್ರಿಯ ನಾಯಕನಾದರೂ ನಾಟಕ ಬಿಡಲಿಲ್ಲ. ಸಂಕೇತ್ ತಂಡ ಕಟ್ಟಿದರು. ಅವರ ಅಗಲಿಕೆಯ ನಂತರ ಅರುಂಧತಿ ನಾಗ್ ಅವರ ಹಟದಿಂದ 2004ರಲ್ಲಿ ಜೆ.ಪಿ. ನಗರದಲ್ಲಿ ರಂಗಶಂಕರ ಎದ್ದಿತು. ತೆರೆ ರಂಗದ ಸಾಲವನ್ನು ತೀರಿಸಿದ ಬೆರಳೆಣಿಕೆಯ ನಿದರ್ಶನಗಳಲ್ಲಿ ಅದೊಂದು.

ಎಲ್ಲರಿಗೂ ಅದೃಷ್ಟ ಹೀಗೆ ಒಲಿಯಲಿಲ್ಲ. ರಂಗದ ಮೇಲೆ ತುಘಲಕನಾಗಿ ಮೆರೆದ ಸಿ.ಆರ್. ಸಿಂಹ ಅವರಿಗೆ ಚಿತ್ರರಂಗ ಹೆಚ್ಚಾಗಿ ಕೊಟ್ಟದ್ದು ಖಳನ, ಹಾಸ್ಯದ, ಪೋಷಕನ ವೇಷ. ಅವರು ನೂರಾರು ಜನರ ಎದುರು ಒಬ್ಬರೇ ಕೈಲಾಸಂ ಆಗಿ ನಿಂತು ಸಂಜೆಯಿಡೀ ನಗಿಸಬಲ್ಲವರಾಗಿದ್ದರು. ಆ ಪ್ರಮಾಣದ ಪಾತ್ರವೊಂದನ್ನು ತೆರೆ ಅವರಿಗಾಗಿ ಬರೆಯಲಿಲ್ಲ. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರದೂ ಇಂಥದೇ ಕಥೆ. ‘ಕರಿಮಾಯಿ’, ‘ಲಕ್ಷಾಪತಿ ರಾಜನ ಕಥೆ’ಗಳಲ್ಲಿ ರಂಗವನ್ನೇ ತುಂಬಿದ ಆ ದನಿಯನ್ನು ಚಿತ್ರರಂಗ ಎಷ್ಟೋ ಸಲ ಬೇರೆ ನಾಯಕಿಯರ ತುಟಿಗೆ ಎರವಲು ಪಡೆಯಿತು. ನಾಗಾಭರಣರ ‘ನಾಗಮಂಡಲ’ದ ಕುರುಡವ್ವನಂಥ ಪಾತ್ರ ಸಿಕ್ಕಿದಾಗಷ್ಟೇ ಜನ ಆಕೆಯ ಪೂರ್ತಿ ಎತ್ತರದ ಒಂದು ತುಣುಕನ್ನು ತೆರೆಯ ಮೇಲೆ ಕಂಡರು.

ಉಮಾಶ್ರೀ ಅವರ ದಾರಿ ಗೆದ್ದವರ ಮತ್ತು ಅವಕಾಶ ಸಿಗದವರ ದಾರಿಗಳ ನಡುವಿನದು. ತಿಪಟೂರು ತಾಲ್ಲೂಕಿನ ನೊಣವಿನಕೆರೆಯಿಂದ ಬಂದ ಈ ನಟಿ ದೇವನೂರ ಮಹಾದೇವರ ‘ಒಡಲಾಳ’ದ ರಂಗರೂಪದಲ್ಲಿ ಸಾಕವ್ವನಾದಾಗ ಇನ್ನೂ ಎಳೆಯ ವಯಸ್ಸು. ಕಳೆದುಹೋದ ಹುಂಜಕ್ಕಾಗಿ ಊರೆಲ್ಲ ತಡಕುವ ಮುದುಕಿಯ ಬೈಗುಳ, ಹಸಿವು, ಅಂತಃಕರಣ ಒಂದೇ ಕೊರಳಿನಿಂದ ಬರುವಾಗ ನೋಡಿದವರು ಇಂದಿಗೂ ಅದನ್ನು ಎತ್ತಿ ಆಡುತ್ತಾರೆ. 1984ರಲ್ಲಿ ಕಾಶಿನಾಥರ ‘ಅನುಭವ’ ಅವರಿಗೆ ತೆರೆಯ ಬಾಗಿಲು ತೆರೆಯಿತು. ತೆರೆದ ಬಾಗಿಲು ಸೀದಾ ಹಾಸ್ಯದ ಕೋಣೆಗೆ ಹೋಯಿತು. ಎರಡು ದಶಕ ಅವರು ದ್ವಂದ್ವಾರ್ಥದ ಮಾತಿಗೆ, ಎನ್.ಎಸ್. ರಾವ್ ಜೋಡಿಯ ಚೇಷ್ಟೆಗೆ, ಗಯ್ಯಾಳಿ ಅತ್ತೆಯ ಪಾತ್ರಕ್ಕೆ ಮೀಸಲಾದರು. ಆ ಪಾತ್ರಗಳಲ್ಲೂ ಅವರ ಟೈಮಿಂಗ್ ಹೊಳೆಯುತ್ತದೆ. ಹೊಟ್ಟೆಪಾಡಿಗೆ ಮಾಡಿದ ಕೆಲಸ ಎಂದು ಅದನ್ನು ತಳ್ಳಿಹಾಕುವವರು ನಗಿಸುವುದು ಎಷ್ಟು ಕಷ್ಟ ಎಂದು ಬಲ್ಲವರಲ್ಲ. ಆದರೂ ಸಾಕವ್ವನನ್ನು ಆಡಿದವಳ ಲೆಕ್ಕಕ್ಕೆ ಅಲ್ಲಿ ಕೆಲಸವಿರಲಿಲ್ಲ. ಐದು ನಿಮಿಷದ ಪಾತ್ರಕ್ಕೆ ಶುರು-ಕೊನೆ ಎಲ್ಲಿಂದ ಬರಬೇಕು?

2008ರಲ್ಲಿ ಗಿರೀಶ್ ಕಾಸರವಳ್ಳಿ ವೈದೇಹಿಯವರ ಕಥೆಯನ್ನು ಆಧರಿಸಿ ‘ಗುಲಾಬಿ ಟಾಕೀಸ್’ ತೆಗೆದರು. ಗುಲಾಬಿ ಕುಂದಾಪುರದ ಕಡಲ ಸೀಮೆಯ ಸೂಲಗಿತ್ತಿ, ಸಿನಿಮಾದ ಹುಚ್ಚಿನವಳು. ಹೆರಿಗೆಗೆ ಕರೆಯಲು ಬಂದವರು ಅವಳನ್ನು ಟಾಕೀಸಿನ ಕತ್ತಲೆಯಿಂದಲೇ ಎಬ್ಬಿಸಿಕೊಂಡು ಹೋಗಬೇಕು. ಬಾಣಂತಿಯ ಮನೆಯವರು ಕೊಟ್ಟ ಟಿ.ವಿ., ಅದರ ಡಿಶ್ಶು ಅವಳ ಗುಡಿಸಿಲಿಗೆ ಬಂದ ಮೇಲೆ ಊರಿನ ಹೆಂಗಸರು ಅಲ್ಲಿ ಸೇರತೊಡಗುತ್ತಾರೆ. ಉಮಾಶ್ರೀ ಈ ಭಾಗದಲ್ಲಿ ಮಾಡುವುದನ್ನು ಹತ್ತಿರದಿಂದ ನೋಡಬೇಕು. ಟಿ.ವಿ. ಪರದೆಯ ಬೆಳಕು ಮುಖದ ಮೇಲೆ ಬೀಳುವಾಗ ಅವರು ಮುಖದಲ್ಲಿ ಏನನ್ನೂ ‘ಮಾಡುವುದಿಲ್ಲ’. ಬಾಯಿ ಕೊಂಚ ತೆರೆದಿರುತ್ತದೆ, ಕತ್ತು ಪರದೆಯ ಕಡೆ ಒಂದಿಷ್ಟು ಚಾಚಿರುತ್ತದೆ, ಅಷ್ಟೇ. ಎರಡು ದಶಕ ನಮ್ಮನ್ನು ನಗಿಸಿದ ಮುಖ ಇಲ್ಲಿ ಸ್ವತಃ ಪ್ರೇಕ್ಷಕನದಾಗಿದೆ. ಕಾರ್ಗಿಲ್ ಯುದ್ಧದ ಹೊತ್ತಿಗೆ ಊರಿನ ಗಾಳಿ ಕೆಟ್ಟು, ಮುಸ್ಲಿಂ ಹೆಂಗಸಾದ ಗುಲಾಬಿಯ ಮೇಲೆ ಅನುಮಾನದ ಬೆರಳು ಎದ್ದಾಗ ಅದೇ ಚಾಚಿದ ಕತ್ತು ಒಳಕ್ಕೆ ಸೇರಿಕೊಳ್ಳುತ್ತದೆ. ಮಾತು ಕಡಿಮೆಯಾಗುತ್ತದೆ, ನಡಿಗೆ ಗಟ್ಟಿಯಾಗುತ್ತದೆ. ಚಿತ್ರದ ಮೊದಲ ಹತ್ತು ನಿಮಿಷದ ಗುಲಾಬಿಯನ್ನೂ ಕೊನೆಯ ಹತ್ತು ನಿಮಿಷದವಳನ್ನೂ ಪಕ್ಕಪಕ್ಕ ಇಟ್ಟರೆ ಇಬ್ಬರು ಹೆಂಗಸರು. ಒಬ್ಬಳು ಇನ್ನೊಬ್ಬಳಾದದ್ದು ಯಾವ ಗಳಿಗೆಯಲ್ಲಿ ಎಂದು ಬೆರಳಿಟ್ಟು ತೋರಿಸಲಾಗದು. ಆ ಪಾತ್ರಕ್ಕೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಅವರದಾಯಿತು. ತೆರೆಗೆ ಬಂದು 24 ವರ್ಷದ ಮೇಲೆ ಬಂದ ಆ ಗೆಲುವಿಗೆ ಬೇಕಾದ ಬಂಡವಾಳ ಮೊದಲ ದಿನದಿಂದಲೂ ಅವರ ಕೈಯಲ್ಲಿತ್ತು.

ಈ ಹೊತ್ತಿಗೆ ರಂಗಭೂಮಿಯೂ ಇನ್ನೊಮ್ಮೆ ಬದಲಾಗಿತ್ತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ 1980ರಲ್ಲಿ ಶುರುಮಾಡಿದ ನೀನಾಸಮ್ ರಂಗಶಿಕ್ಷಣ ಕೇಂದ್ರ, 1985ರಿಂದ ಊರೂರು ಸುತ್ತಿದ ತಿರುಗಾಟ, 1989ರಲ್ಲಿ ಬಿ.ವಿ. ಕಾರಂತರ ಮುಂದಾಳತ್ವದಲ್ಲಿ ಮೈಸೂರಿನಲ್ಲಿ ನೆಲೆಗೊಂಡ ರಂಗಾಯಣ: ಇವು ನಟನೆಯನ್ನು ಪೂರ್ಣಾವಧಿ ಕಲಿಕೆಯಾಗಿ ಮಾಡಿದವು. ಬೆಳಿಗ್ಗೆ ದೇಹದ ಕಸರತ್ತು, ಮಧ್ಯಾಹ್ನ ಓದು, ಸಂಜೆ ತಾಲೀಮು ಎಂಬ ದಿನಚರಿಯಲ್ಲಿ ತಯಾರಾದವರು ಟಿ.ವಿ. ಧಾರಾವಾಹಿಗಳ ಮೂಲಕ ಮೆಲ್ಲಗೆ ಸಿನಿಮಾಗೆ ಹರಿದುಬಂದರು. ರಂಗಾಯಣ ರಘು, ಮಂಡ್ಯ ರಮೇಶ್, ಅಚ್ಯುತ್ ಕುಮಾರ್, ಸತೀಶ್ ನೀನಾಸಮ್ ಇವರಲ್ಲಿ ಕೆಲವರು. ಇಬ್ಬರಂತೂ ಕಲಿತ ಜಾಗವನ್ನೇ ಹೆಸರಿಗೆ ಅಂಟಿಸಿಕೊಂಡಿದ್ದಾರೆ.

2013ರ ‘ಲೂಸಿಯಾ’ದಲ್ಲಿ ಪವನ್ ಕುಮಾರ್ ಸತೀಶ್‌ಗೆ ಎರಡು ಬದುಕು ಕೊಟ್ಟರು. ಟಾಕೀಸಿನಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವ ನಿಕ್ಕಿ ಒಂದು, ತಾರೆಯಾದ ನಿಖಿಲ್ ಇನ್ನೊಂದು. ಎರಡನ್ನೂ ಬೇರೆ ಬೇರೆ ಇಟ್ಟು ಕೊನೆಗೆ ಒಂದೇ ಗಂಟಾಗಿ ಬಿಚ್ಚುವ ಕಥೆ ಅದು. ಜನರಿಂದ ಹಣ ಕೂಡಿಸಿ ತೆಗೆದ ಚಿತ್ರದಲ್ಲಿ ಹೆಸರಾಂತ ನಾಯಕ ಬೇಕಾಗಿರಲಿಲ್ಲ, ಲೆಕ್ಕ ತಪ್ಪದ ನಟ ಬೇಕಾಗಿತ್ತು. ಅಚ್ಯುತ್ ಕುಮಾರ್ ಅವರದು ಇನ್ನೂ ಕುತೂಹಲದ ವಿಷಯ. ಅವರಿಗೆ ಸಿಕ್ಕವುಗಳಲ್ಲಿ ಹೆಚ್ಚಿನವು ಹತ್ತು ಹದಿನೈದು ನಿಮಿಷದ ಪಾತ್ರಗಳು. ಆದರೆ ‘ಉಳಿದವರು ಕಂಡಂತೆ’ಯ ಬಾಲು ಓಡಾಡುವಾಗ ತೆರೆಯಲ್ಲಿ ಕಾಣದ ವರ್ಷಗಳೂ ಅವನ ಜೊತೆ ನಡೆಯುತ್ತವೆ. ಪಾತ್ರದ ಪೂರ್ತಿ ಆಯುಷ್ಯವನ್ನು ಮನಸ್ಸಿನಲ್ಲೇ ಬರೆದುಕೊಂಡು ಬಂದವನಿಗೆ ಹತ್ತು ನಿಮಿಷವೂ ಸಾಕಾಗುತ್ತದೆ ಎನ್ನಲು ಅವರೇ ಉದಾಹರಣೆ. ಇದು ಎಲ್ಲರಿಗೂ ಸಾಧ್ಯವಾಗುವ ಮಾತಲ್ಲ.

ಮತ್ತೆ ವಿಜಯ್‌ಗೆ ಬರೋಣ. ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ... ಅವಳು’ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿದ್ದು. ಮಾದೇಶ ವಿದ್ಯಾ ಆಗುವ ಆ ಕಥೆ ನಟನಿಗೆ ಬಲೆಯೂ ಹೌದು. ನಮ್ಮ ಜನಪ್ರಿಯ ಸಿನಿಮಾ ಹೆಣ್ಣಿಗ ನಡೆಯನ್ನು ದಶಕಗಟ್ಟಲೆ ನಗೆಯ ಸರಕು ಮಾಡಿಕೊಂಡಿತ್ತು. ಸೊಂಟ ತಿರುಗಿಸಿ, ಕೈ ಮಣಿಸಿದರೆ ಸಾಕು, ಮುಂದಿನ ಸಾಲು ಶಿಳ್ಳೆ ಹೊಡೆಯುತ್ತದೆ. ವಿಜಯ್ ಆ ಸುಲಭದ ಸಂಕೇತಗಳನ್ನು ಮುಟ್ಟಲಿಲ್ಲ. ಚಿತ್ರದ ಮೊದಲ ಭಾಗದಲ್ಲಿ ಅವರ ದೇಹ ಸದಾ ಏನನ್ನೋ ತಡೆಹಿಡಿದಂತೆ ಇರುತ್ತದೆ. ಭುಜ ಬಿಗಿ, ಕೈಗಳಿಗೆ ಎಲ್ಲಿ ಇರಬೇಕೆಂದು ತಿಳಿಯದ ಪೇಚು, ಎದುರಿನವರ ಕಣ್ಣು ತಪ್ಪಿಸುವ ನೋಟ. ತನ್ನಂಥವರ ನಡುವೆ ಸೇರಿದ ಮೇಲೆ ಆ ಬಿಗಿ ಒಂದೊಂದೇ ಕೀಲಿನಿಂದ ಸಡಿಲವಾಗುತ್ತದೆ. ಹೆಣ್ಣಾಗುವುದನ್ನು ಅವರು ಏನನ್ನೋ ಹೊಸದಾಗಿ ಹೊದ್ದುಕೊಳ್ಳುವಂತೆ ಆಡದೆ, ಹೊತ್ತದ್ದನ್ನು ಇಳಿಸುವಂತೆ ಆಡಿದರು. ಈ ಒಂದು ಆಯ್ಕೆಯಲ್ಲಿ ಅವರ ಗೆಲುವಿನ ಗುಟ್ಟಿದೆ. ಪ್ರಸಾಧನಕ್ಕೂ ಆ ಚಿತ್ರ ರಾಷ್ಟ್ರಪ್ರಶಸ್ತಿ ಪಡೆಯಿತು, ನ್ಯಾಯವೇ. ಆದರೆ ಮೇಕಪ್ಪು ಹತ್ತದ ಜಾಗಗಳಲ್ಲೂ, ಬೆನ್ನು ತಿರುಗಿಸಿ ನಡೆಯುವಾಗಲೂ, ಪಾತ್ರ ಎಷ್ಟನೇ ಹಂತದಲ್ಲಿದೆ ಎಂದು ನಮಗೆ ತಿಳಿಯುತ್ತದೆ. ಅದೇ ವರ್ಷ ಶ್ರೇಷ್ಠ ಕನ್ನಡ ಚಿತ್ರವೆನಿಸಿದ ಮಂಸೋರೆ ಅವರ ‘ಹರಿವು’ವಿನಲ್ಲಿ ಮಗನ ಶವವನ್ನು ಊರಿಗೆ ಒಯ್ಯಲಾರದ ಬಡ ರೈತನೂ ಅವರೇ. ಎರಡೂ ಒಂದೇ ದೇಹ ಎಂದು ನಂಬಲು ಹೆಸರಿನ ಪಟ್ಟಿ ನೋಡಬೇಕು.

ಇಲ್ಲಿ ಒಂದು ಕಸಿವಿಸಿಯ ಪ್ರಶ್ನೆಯನ್ನೂ ಎತ್ತಲೇಬೇಕು. ಲಿವಿಂಗ್ ಸ್ಮೈಲ್ ವಿದ್ಯಾ ಸ್ವತಃ ತಮಿಳುನಾಡಿನ ರಂಗಕಲಾವಿದೆ. ಅವರ ಬದುಕಿನ ಕಥೆ ತೆರೆಗೆ ಬಂದಾಗ ಪಾತ್ರ ಹೋದದ್ದು ಗಂಡು ನಟನಿಗೆ. ಲಿಂಗತ್ವ ಅಲ್ಪಸಂಖ್ಯಾತರ ಪಾತ್ರವನ್ನು ಆ ಸಮುದಾಯದ ಕಲಾವಿದರೇ ಮಾಡಬೇಕು ಎಂಬ ವಾದಕ್ಕೆ ಈಗ ಹತ್ತು ವರ್ಷದ ಹಿಂದಿಗಿಂತ ಹೆಚ್ಚು ಬಲವಿದೆ, ಇರಬೇಕಾದ್ದೂ ಹೌದು. ವಿಜಯ್ ಅವರ ಅಭಿನಯದ ಗುಣ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ರಂಗದಿಂದ ತೆರೆಗೆ ದಾಟುವ ಸೇತುವೆ ಎಲ್ಲರಿಗೂ ಸಮಾನವಾಗಿ ತೆರೆದಿಲ್ಲ ಎಂಬುದನ್ನು ಮರೆತು ಬರೆದ ಹೊಗಳಿಕೆ ಅರ್ಧ ಹೊಗಳಿಕೆ. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ವಿಜಯ್ ತೀರಿಕೊಂಡರು, ಅವರ ಅಂಗಾಂಗಗಳನ್ನು ದಾನ ಮಾಡಲಾಯಿತು. ಪ್ರಶಸ್ತಿಯ ನಂತರದ ಆರು ವರ್ಷಗಳಲ್ಲಿ ‘ನಾತಿಚರಾಮಿ’ಯಂಥ ಕೆಲವನ್ನು ಬಿಟ್ಟರೆ ಅವರ ಅಳತೆಯ ಪಾತ್ರ ಹೆಚ್ಚು ಸಿಗಲಿಲ್ಲ.

ಎದುರು ವಾದಕ್ಕೂ ಕಿವಿಗೊಡಬೇಕು. ಸಿನಿಮಾಗೆ ತರಬೇತಿ ಪಡೆದ ನಟನೇ ಬೇಕಿಲ್ಲ ಎನ್ನುವವರ ಕೈಯಲ್ಲಿ ರಾಮ್ ರೆಡ್ಡಿ ಅವರ ‘ತಿಥಿ’ಯಿದೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತಮುತ್ತಲ ಜನರೇ ಆಡಿದ ಆ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದಿತು. ಅದರಲ್ಲಿ ಗಡ್ಡಪ್ಪನಾದವರು ಯಾವ ನಾಟಕ ಶಾಲೆಗೂ ಹೋದವರಲ್ಲ. ಬೆಂಕಿಯ ಸುತ್ತ ಕುರಿಗಾಹಿಗಳ ನಡುವೆ ಕುಳಿತು ತನ್ನ ಹಳೆಯ ಕಥೆ ಹೇಳುವ ಅವರ ದೃಶ್ಯವನ್ನು ಯಾವ ರಂಗನಟನೂ ಅದಕ್ಕಿಂತ ಚೆನ್ನಾಗಿ ಮಾಡಲಾರ. ಒಪ್ಪೋಣ. ಆದರೆ ಗಡ್ಡಪ್ಪನ ಪಾತ್ರ ಚಿತ್ರದುದ್ದಕ್ಕೂ ಇದ್ದಂತೆಯೇ ಇರುತ್ತದೆ, ಅದರ ಸೊಗಸೇ ಕದಲದಿರುವುದರಲ್ಲಿದೆ. ಹೊರಳುವ, ಮುರಿಯುವ, ಬೇರೊಂದಾಗುವ ಪಾತ್ರ ಬಂದಾಗ ಆ ದಾರಿ ಸಾಲದು. ಮುಖದ ಸಹಜತೆ ಒಂದು ಗಳಿಗೆಯನ್ನು ಕೊಡುತ್ತದೆ, ಗಳಿಗೆಗಳನ್ನು ಹೊಸೆಯುವುದು ಕಸುಬು. ಇನ್ನು ಕಸುಬು ರಂಗದಿಂದಲೇ ಬರಬೇಕೆಂಬ ಕಟ್ಟಳೆಯೂ ಇಲ್ಲ. ‘ತಬರನ ಕಥೆ’ಯ ತಬರನಾಗಿ ರಾಷ್ಟ್ರಪ್ರಶಸ್ತಿ ಪಡೆದ ಚಾರುಹಾಸನ್ ವೃತ್ತಿಯಿಂದ ವಕೀಲರು. ‘ಕಾಂತಾರ’ದ ರಿಷಬ್ ಶೆಟ್ಟಿ ಎಳವೆಯಲ್ಲಿ ಗೆಜ್ಜೆ ಕಟ್ಟಿದ್ದು ಯಕ್ಷಗಾನಕ್ಕೆ, ಅದನ್ನು ರಂಗಭೂಮಿಯ ಲೆಕ್ಕಕ್ಕೆ ಹಿಡಿಯುವುದೋ ಬಿಡುವುದೋ ಎಂದು ಕರಾವಳಿಯವರನ್ನು ಕೇಳಿದರೆ ಅವರು ನಗುತ್ತಾರೆ.

ಪ್ರಕಾಶ್ ರಾಜ್ ಅವರ ಉದಾಹರಣೆ ಇನ್ನೊಂದು ಕಹಿ ಸತ್ಯ ಹೇಳುತ್ತದೆ. ಬೆಂಗಳೂರಿನ ಕಲಾಕ್ಷೇತ್ರದ ಅಂಗಳದಲ್ಲಿ ಬೆಳೆದ, ಆಗ ಪ್ರಕಾಶ್ ರೈ ಆಗಿದ್ದ ಅವರಿಗೆ ಕನ್ನಡ ಸಿನಿಮಾ ಕೊಟ್ಟದ್ದು ಚಿಲ್ಲರೆ ಪಾತ್ರ. 1994ರಲ್ಲಿ ಕೆ. ಬಾಲಚಂದರ್ ‘ಡ್ಯುಯೆಟ್’ಗೆ ಕರೆದ ಮೇಲೆ ತಮಿಳು ಅವರನ್ನು ಕಂಡಿತು, ‘ಇರುವರ್’, ‘ಕಾಂಚೀವರಂ’ ರಾಷ್ಟ್ರಪ್ರಶಸ್ತಿ ಕೊಟ್ಟವು. ಕೊರತೆ ನಟನಲ್ಲಿ ಇರಲಿಲ್ಲ ಎಂಬುದು ಸ್ಪಷ್ಟ.

ಹಾಗಾಗಿ ರಂಗನಟನೊಬ್ಬ ತೆರೆಯಲ್ಲಿ ಗೆದ್ದಾಗ ನಾವು ಯಾರನ್ನು ಹೊಗಳಬೇಕು ಎಂಬುದು ಕೊನೆಯ ಪ್ರಶ್ನೆ. ನಟನನ್ನು ಹೊಗಳಲೇಬೇಕು. ಜೊತೆಗೆ, ಪೂರ್ತಿ ಅಳತೆಯ ಪಾತ್ರ ಬರೆದವರನ್ನೂ ನಟಿಸಲು ಸಮಯ ಕೊಟ್ಟವರನ್ನೂ ಹೊಗಳಬೇಕು. ದಿಣ್ಣ, ಅಯ್ಯು, ಚೋಮ, ಗುಲಾಬಿ, ವಿದ್ಯಾ ಎಲ್ಲವೂ ಹೊರಟ ಜಾಗದಲ್ಲಿ ನಿಲ್ಲದ ಪಾತ್ರಗಳು. ಅವುಗಳ ನಿರ್ದೇಶಕರಲ್ಲಿ ಹಲವರಿಗೆ ರಂಗದ ಒಡನಾಟವಿತ್ತು ಎನ್ನುವುದೂ ಆಕಸ್ಮಿಕವಲ್ಲ. ಹೆಗ್ಗೋಡು, ಮೈಸೂರು, ಬೆಂಗಳೂರು ವರ್ಷವರ್ಷವೂ ನಟರನ್ನು ತಯಾರು ಮಾಡಿ ಕಳಿಸುತ್ತಿವೆ, ಉದ್ಯಮ ಅವರಿಗೆ ಪೊಲೀಸ್ ಪೇದೆಯ ಟೋಪಿಯನ್ನೋ ನಾಯಕನ ಗೆಳೆಯನ ಎರಡು ಜೋಕನ್ನೋ ಕೊಟ್ಟು ಕೈ ತೊಳೆದುಕೊಳ್ಳುತ್ತಿದೆ. ಚಿತ್ರೀಕರಣಕ್ಕೆ ಮುಂಚೆ ಹದಿನೈದು ದಿನದ ತಾಲೀಮಿಗೆ ದುಡ್ಡಿಲ್ಲ ಎನ್ನುವ ನಿರ್ಮಾಪಕರು ಒಂದು ಹಾಡಿನ ಸೆಟ್ಟಿಗೆ ಅದರ ಹತ್ತು ಪಟ್ಟು ಸುರಿಯುತ್ತಾರೆ. ಉಮಾಶ್ರೀಗೆ 24 ವರ್ಷ ಹಿಡಿದದ್ದು, ಸಿ.ಆರ್. ಸಿಂಹ ಅವರಿಗೆ ಆ ದಿನ ಬಾರದೇ ಹೋದದ್ದು ಅವರ ಹಣೆಬರಹವಲ್ಲ, ನಮ್ಮ ಚಿತ್ರರಂಗದ ಅಭ್ಯಾಸ. ಮುಂದಿನ ವಿಜಯ್ ಈಗಾಗಲೇ ಯಾವುದೋ ತಾಲೀಮಿನಲ್ಲಿ ಇದ್ದಾನೆ ಅಥವಾ ಇದ್ದಾಳೆ, ಅದರಲ್ಲಿ ಅನುಮಾನವಿಲ್ಲ. ಪಾತ್ರ ಬರೆಯುವವರೂ ದುಡ್ಡು ಹಾಕುವವರೂ ಒಂದು ಸಂಜೆ ಬಿಡುವು ಮಾಡಿಕೊಂಡು ನಾಟಕ ನೋಡಲು ಹೋಗಬೇಕು.